ಬ್ರಿಟನ್‌ನಲ್ಲಿ ಹೊಸ ಮೊಬೈಲ್ ಕಾಂಟ್ರಾಕ್ಟ್ ಬೇಡವೆನಿಸಿದರೆ

ಸೆಪ್ಟೆಂಬರ್ ಬಂತೆಂದರೆ ನನಗೆ ಫೋನ್ ಜಾಸ್ತಿ. ಓದಲು ಬಂದ ನಮ್ಮ ಕಡೆಯ ಹುಡುಗ ಹುಡುಗಿಯರು, ಹೆಚ್ಚಿನವರು ನನ್ನ ಅಕ್ಕನ ಮಗನ ಸ್ನೇಹಿತರು. "ಆಂಟಿ, 24 ತಿಂಗಳ ಕಾಂಟ್ರಾಕ್ಟ್ ತಗೊಂಡುಬಿಟ್ಟೆ. ರೂಮಲ್ಲಿ ಸಿಗ್ನಲ್ಲೇ ಇಲ್ಲ" ಅನ್ನುತ್ತಾರೆ. ನಾನು ಮೊದಲು ಕೇಳುವುದು ಒಂದೇ: ತಗೊಂಡಿದ್ದು ಎಲ್ಲಿ? ಆನ್‌ಲೈನಾ, ಫೋನಲ್ಲಾ, ಅಂಗಡಿಯಲ್ಲಾ?

ಆನ್‌ಲೈನ್ ಅಥವಾ ಫೋನ್ ಅಂದರೆ ನನಗೆ ಅರ್ಧ ನೆಮ್ಮದಿ. 2013ರ ಕನ್ಸ್ಯೂಮರ್ ಕಾಂಟ್ರಾಕ್ಟ್ಸ್ ರೆಗ್ಯುಲೇಷನ್ಸ್ ಪ್ರಕಾರ 14 ದಿನದೊಳಗೆ ಕ್ಯಾನ್ಸಲ್ ಮಾಡಬಹುದು. ಮನೆ ಬಾಗಿಲಿಗೆ ಬಂದು ಮಾರಿದ್ದರೂ ಅಷ್ಟೇ. ಕಾರಣ ಹೇಳಬೇಕಾಗಿಲ್ಲ. ಅಂಗಡಿಗೆ ಹೋಗಿ ಸೈನ್ ಮಾಡಿದ್ದರೆ ಮಾತ್ರ ಈ ಹಕ್ಕು ಇಲ್ಲ. ಆಗ ಅಂಗಡಿಯವರದೇ ವಾಪಸಾತಿ ನಿಯಮ ಏನಾದರೂ ಇದೆಯಾ ಎಂದು ರಸೀದಿ ಹಿಂದೆ ನೋಡಿ. ಹ್ಯಾಂಡ್‌ಸೆಟ್ಟೇ ಕೆಟ್ಟಿದ್ದರೆ ಬೇರೆ ಮಾತು. 2015ರ ಕನ್ಸ್ಯೂಮರ್ ರೈಟ್ಸ್ ಆಕ್ಟ್ ಪ್ರಕಾರ 30 ದಿನದೊಳಗೆ ಅದನ್ನು ಹಿಂದಿರುಗಿಸಿ ದುಡ್ಡು ಕೇಳಬಹುದು, ಎಲ್ಲಿ ಕೊಂಡಿದ್ದರೂ ಸರಿ.

14 ದಿನ ಯಾವಾಗಿನಿಂದ ಲೆಕ್ಕ? ಬರೀ ಸಿಮ್ ಆದರೆ ಕಾಂಟ್ರಾಕ್ಟ್ ಆದ ಮರುದಿನದಿಂದ. ವಸ್ತು ಕೊಂಡರೆ ಅದು ಕೈಗೆ ಸಿಕ್ಕ ಮರುದಿನದಿಂದ. ಸಿಮ್ಮೂ ಫೋನೂ ಒಟ್ಟಿಗೆ ಇದ್ದರೆ ಕಂಪನಿಯವರ ಜೊತೆ ವಾದಕ್ಕೆ ಇಳಿಯುವ ಬದಲು ಆರ್ಡರ್ ಮಾಡಿದ ದಿನದಿಂದಲೇ ಎಣಿಸಿ. ಕೊನೇ ದಿನದವರೆಗೆ ಕಾಯಬೇಡಿ. ಈ ಹಕ್ಕು ಇದೆ ಎಂದೇ ಅವರು ನಿಮಗೆ ತಿಳಿಸಿರದಿದ್ದರೆ ಗಡುವು ಇನ್ನೂ 12 ತಿಂಗಳವರೆಗೆ ಮುಂದೆ ಹೋಗಬಹುದು. ಆದ್ದರಿಂದ ಮೊದಲ ದಿನದ ಇಮೇಲುಗಳನ್ನು ಅಳಿಸಬೇಡಿ.

ಇನ್ನು ಕ್ಯಾನ್ಸಲ್ ಮಾಡುವ ಕ್ರಮ. ಫೋನ್ ಮಾಡಿ ಹೇಳಿದರೂ ನಡೆಯುತ್ತದೆ, ಆದರೆ ನಾನು ಬಿಡುವುದಿಲ್ಲ, ಇಮೇಲ್ ಅಥವಾ ಚಾಟ್‌ನಲ್ಲಿ ಬರೆಸುತ್ತೇನೆ. ಹೆಸರು, ಅಕೌಂಟ್ ನಂಬರ್, ಆರ್ಡರ್ ಮಾಡಿದ ತಾರೀಕು, ಜೊತೆಗೆ "ಈ ಕಾಂಟ್ರಾಕ್ಟನ್ನು 14 ದಿನದ ಹಕ್ಕಿನಡಿ ಕ್ಯಾನ್ಸಲ್ ಮಾಡುತ್ತಿದ್ದೇನೆ" ಎಂಬ ಒಂದು ಸಾಲು. ಸಾಕು. "ಮಾಡಬೇಕೆಂದಿದ್ದೇನೆ, ಏನು ಮಾಡಲಿ?" ಎಂದು ಬರೆದರೆ ಅದು ಬರೀ ವಿಚಾರಣೆಯಾಗುತ್ತದೆ. ಚಾಟ್ ಆದರೆ ಸ್ಕ್ರೀನ್‌ಶಾಟ್ ತೆಗೆದಿಡಿ. ಆ ಕಡೆಯವರು ಅರ್ಧ ಬೆಲೆ, ಇನ್ನಷ್ಟು ಡೇಟಾ ಅಂತ ಆಸೆ ತೋರಿಸುತ್ತಾರೆ. ರೂಮಿನಲ್ಲಿ ಸಿಗ್ನಲ್ ಇಲ್ಲದ ಮೇಲೆ ಡೇಟಾ ಇಟ್ಟುಕೊಂಡು ಏನು ಉಪ್ಪಿನಕಾಯಿ ಹಾಕುತ್ತೀರಾ?

ಹಾಗಂತ ಎಲ್ಲ ಪುಕ್ಕಟೆ ಅಲ್ಲ. ಸೇವೆ ತಕ್ಷಣ ಶುರು ಮಾಡಿ ಎಂದು ನೀವೇ ಕೇಳಿದ್ದರೆ ಬಳಸಿದ ದಿನಗಳಿಗೆ ಕೊಡಬೇಕು. ತಿಂಗಳಿಗೆ 30 ಪೌಂಡ್ ಪ್ಲಾನ್, 9 ದಿನ ಬಳಸಿದ್ದೀರಿ ಅಂದರೆ ಸುಮಾರು 9 ಪೌಂಡ್. ಹ್ಯಾಂಡ್‌ಸೆಟ್ ಅನ್ನು ಕ್ಯಾನ್ಸಲ್ ತಿಳಿಸಿದ 14 ದಿನದೊಳಗೆ ವಾಪಸ್ ಕಳಿಸಬೇಕು. ಗೀರು ಬಿದ್ದಿದ್ದರೆ ದುಡ್ಡು ಮುರಿಯುತ್ತಾರೆ. ಪೋಸ್ಟ್ ಆಫೀಸಿನ ರಸೀದಿ ಜೋಪಾನ. ಈಗ ಸುಮಾರು ಕಂಪನಿಗಳು ಸಿಮ್‌ಗೆ ಒಂದು, ಫೋನ್ ಸಾಲಕ್ಕೆ ಇನ್ನೊಂದು ಎಂದು ಎರಡು ಒಪ್ಪಂದ ಮಾಡಿಸುತ್ತವೆ. ಕ್ಯಾನ್ಸಲ್ ಮಾಡುವ ಇಮೇಲಿನಲ್ಲಿ ಎರಡನ್ನೂ ಹೆಸರಿಸಿ.

ನನಗೆ ಹೆಚ್ಚು ಭಯ ಇರುವುದು ಇಲ್ಲಿ. ಊರಲ್ಲಿ ಪ್ರೀಪೇಯ್ಡ್ ಬಳಸಿ ಅಭ್ಯಾಸ. ರೀಚಾರ್ಜ್ ಮಾಡದಿದ್ದರೆ ತಾನಾಗಿ ನಿಂತುಹೋಗುತ್ತದೆ, ಅಲ್ವಾ? ಅದೇ ನಂಬಿಕೆಯಲ್ಲಿ ಇಲ್ಲಿನ ಬ್ಯಾಂಕ್ ಆ್ಯಪ್‌ನಲ್ಲಿ ಡೈರೆಕ್ಟ್ ಡೆಬಿಟ್ (ಖಾತೆಯಿಂದ ತಾನಾಗಿ ಬಿಲ್ ಕಟ್ಟುವ ಏರ್ಪಾಡು) ನಿಲ್ಲಿಸಿ ಸುಮ್ನೆ ಕೂರುತ್ತಾರೆ. ಕಾಂಟ್ರಾಕ್ಟ್ ಅದರಿಂದ ಮುಗಿಯುವುದಿಲ್ಲ. ಬಾಕಿ ಬೆಳೆದು ಡಿಫಾಲ್ಟ್ ಎಂದು ದಾಖಲಾದರೆ ಕ್ರೆಡಿಟ್ ಫೈಲಿನಲ್ಲಿ, ಅಂದರೆ ನಿಮ್ಮ ಸಾಲ, ಬಾಕಿಗಳ ದಾಖಲೆಯಲ್ಲಿ, 6 ವರ್ಷ ಇರುತ್ತದೆ. ಮುಂದೆ ಇಲ್ಲೇ ಕೆಲಸ ಸಿಕ್ಕಿ ಸಾಲ ಕೇಳಿದಾಗ, ಬಾಡಿಗೆ ಮನೆ ಹುಡುಕುವಾಗ ಅದು ಅಡ್ಡ ಬರಬಹುದು. ಮೊದಲು ಲಿಖಿತವಾಗಿ ಕ್ಯಾನ್ಸಲ್, ಕೊನೆಯ ಬಿಲ್ ಪಾವತಿ, ಆಮೇಲೆ ಡೈರೆಕ್ಟ್ ಡೆಬಿಟ್ ನಿಲ್ಲಿಸುವುದು.

14 ದಿನ ದಾಟಿಹೋಗಿದ್ದರೆ? ಕಾಂಟ್ರಾಕ್ಟ್‌ನಲ್ಲಿ ಮೊದಲೇ ಹೇಳದೆ ಬೆಲೆ ಏರಿಸಿದರೆ ದಂಡ ಕಟ್ಟದೆ ಹೊರಬರಬಹುದು. 2025ರ ಜನವರಿ 17ರಿಂದ ಹೊಸ ಕಾಂಟ್ರಾಕ್ಟ್‌ಗಳಲ್ಲಿ ಎಷ್ಟು ಏರುತ್ತದೆ ಎಂಬುದನ್ನು ಪೌಂಡ್, ಪೆನ್ಸ್ ಲೆಕ್ಕದಲ್ಲೇ ಮೊದಲು ತಿಳಿಸಬೇಕೆಂದು ಇಲ್ಲಿನ ದೂರಸಂಪರ್ಕ ನಿಯಂತ್ರಕ ಆಫ್‌ಕಾಮ್ ನಿಯಮ ಮಾಡಿದೆ. ಹಾಗೆ ಹೇಳದೆ ಬೆಲೆ ಏರಿಸಿರದಿದ್ದರೆ ಉಳಿದ ತಿಂಗಳುಗಳ ಲೆಕ್ಕದ ದಂಡ ಕಟ್ಟಬೇಕಾಗುತ್ತದೆ. ಅದು ಎಷ್ಟು ಎಂದು ತಿಳಿಯಲು ಯಾರನ್ನೂ ಬೇಡಬೇಕಿಲ್ಲ. ಇಂಗ್ಲಿಷಿನಲ್ಲಿ ಇನ್ಫೋ (INFO) ಎಂದು ಟೈಪ್ ಮಾಡಿ 85075ಕ್ಕೆ ಮೆಸೇಜ್ ಕಳಿಸಿ. ನಂಬರ್ ಉಳಿಸಿಕೊಂಡು ಬೇರೆ ಕಂಪನಿಗೆ ಹೋಗುವುದಾದರೆ ಪ್ಯಾಕ್ (PAC) ಎಂದು 65075ಕ್ಕೆ. ಸಿಗುವ ಕೋಡ್ 30 ದಿನ ನಡೆಯುತ್ತದೆ.

ಕಂಪನಿಯವರು ಹಟ ಹಿಡಿದರೆ ಅವರ ದೂರು ವಿಭಾಗಕ್ಕೆ ಬರೆಯಿರಿ. ಅಲ್ಲೂ ಬಗೆಹರಿಯದಿದ್ದರೆ "ಡೆಡ್‌ಲಾಕ್ ಲೆಟರ್ ಕೊಡಿ" ಎಂದು ಕೇಳಿ, ಅಂದರೆ ದೂರು ತಮ್ಮಲ್ಲಿ ಬಗೆಹರಿಯಲಿಲ್ಲ ಎಂದು ಅವರೇ ಬರೆದುಕೊಡುವ ಪತ್ರ. ಆ ಪತ್ರ ಹಿಡಿದು ಕಮ್ಯುನಿಕೇಷನ್ಸ್ ಓಂಬುಡ್ಸ್‌ಮನ್ ಅಥವಾ ಸಿಸಾಸ್ (CISAS) ಎಂಬ ಸ್ವತಂತ್ರ ದೂರು ಪರಿಹಾರ ಸಂಸ್ಥೆಗಳ ಹತ್ತಿರ ಹೋಗಬಹುದು. ನಿಮ್ಮ ಕಂಪನಿ ಈ ಎರಡರಲ್ಲಿ ಯಾವುದರ ಸದಸ್ಯ ಎಂಬುದನ್ನು ನೋಡಿಕೊಳ್ಳಿ. ದೂರು ಕೊಡಲು ನಿಮಗೇನೂ ಖರ್ಚಿಲ್ಲ.