ಮೊದಲು ಓದು ಬರಲಿ: ಪೀಣ್ಯದ ಸರ್ಕಾರಿ ಶಾಲೆಗಳಲ್ಲಿ ನನ್ನ ಅನುಭವ

ಪೀಣ್ಯ ಕೈಗಾರಿಕಾ ಪ್ರದೇಶದ ಸುತ್ತಮುತ್ತ ಇರುವ ಸರ್ಕಾರಿ ಪ್ರಾಥಮಿಕ ಶಾಲೆಗಳಿಗೆ ನಾನು ಕೆಲವು ವರ್ಷ ಸಿ.ಆರ್.ಪಿ. (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ) ಆಗಿದ್ದೆ. ಇಲಾಖೆಯವರಿಗೆ ಈ ಕೆಲಸ ಗೊತ್ತು. ಉಳಿದವರಿಗೆ ಹೇಳುವುದಾದರೆ, ಒಂದು ಕ್ಲಸ್ಟರ್‌ನ, ಅಂದರೆ ಅಕ್ಕಪಕ್ಕದ ಶಾಲೆಗಳ ಒಂದು ಗುಂಪಿನ, ಶಾಲೆಗಳಿಗೆ ಹೋಗಿ ಪಾಠ ನೋಡಬೇಕು, ಶಿಕ್ಷಕರಿಗೆ ನೆರವಾಗಬೇಕು, ಬಿ.ಇ.ಒ. (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೂ ಶಾಲೆಗೂ ನಡುವೆ ಓಡಾಡಬೇಕು. ಅಧಿಕಾರ ಏನೂ ಇಲ್ಲ. ಯಾರನ್ನೂ ವರ್ಗ ಮಾಡಕ್ಕಾಗಲ್ಲ, ಯಾರಿಗೂ ನೋಟಿಸ್ ಕೊಡಕ್ಕಾಗಲ್ಲ. ಆದರೆ ಯಾವ ಶಾಲೆಯ ಯಾವ ತರಗತಿಗೆ ಬೇಕಾದರೂ ಹೋಗಿ ಮಕ್ಕಳ ಪಕ್ಕ ಕೂರಬಹುದು. ನನ್ನ ಕೆಲಸ ಶುರುವಾದದ್ದು ಅಲ್ಲಿಂದ.

ನಾನು ಈ ಜವಾಬ್ದಾರಿ ತಗೊಂಡದ್ದು 2022ರಲ್ಲಿ. 2020ರ ಮಾರ್ಚ್‌ನಲ್ಲಿ ಮುಚ್ಚಿದ ಶಾಲೆಗಳು ಪೂರ್ತಿ ಸರಿಹೋಗಲು ತುಂಬಾ ದಿನ ಹಿಡಿದಿತ್ತು. ಒಂದನೇ ತರಗತಿಯನ್ನು ಸರಿಯಾಗಿ ನೋಡದ ಮಕ್ಕಳು ಮೂರು, ನಾಲ್ಕನೇ ತರಗತಿಯಲ್ಲಿ ಕೂತಿದ್ದರು. ಸರ್ಕಾರ 2022-23ನ್ನು ಕಲಿಕಾ ಚೇತರಿಕೆ ವರ್ಷ ಅಂತ ಕರೆದು ಕಲಿಕಾ ಹಾಳೆಗಳನ್ನು ಕೊಟ್ಟಿತು. ಹಾಳೆಗಳು ಚೆನ್ನಾಗಿದ್ದವು. ಆದರೆ ಐದನೇ ತರಗತಿಯ ಹಾಳೆ ಬಿಡಿಸಲು ಮಗುವಿಗೆ ಅದರಲ್ಲಿರುವ ಸೂಚನೆ ಓದಲು ಬರಬೇಕಲ್ವಾ?

ನಾವು ಮೊದಲು ಮಾಡಿದ ಕೆಲಸ ಬಹಳ ಸರಳ. ನಾಲ್ಕರಿಂದ ಏಳನೇ ತರಗತಿಯವರೆಗಿನ ಪ್ರತಿ ಮಗುವನ್ನೂ ಒಬ್ಬೊಬ್ಬರಾಗಿ ಕೂರಿಸಿಕೊಂಡು ಓದಿಸಿದೆವು. ಪರೀಕ್ಷೆ ಹಾಲ್ ಇಲ್ಲ, ಅಂಕ ಇಲ್ಲ. ಒಂದು ಹಾಳೆಯಲ್ಲಿ ಬಿಡಿ ಅಕ್ಷರ, ಸುಲಭ ಪದ, ನಾಲ್ಕು ಸಾಲಿನ ಪ್ಯಾರಾ, ಒಂದು ಚಿಕ್ಕ ಕಥೆ. ಮಗು ಎಲ್ಲಿ ನಿಲ್ಲುತ್ತದೋ ಅದೇ ಅದರ ಹಂತ. ಮಕ್ಕಳ ಕಲಿಕೆಗಾಗಿ ಕೆಲಸ ಮಾಡುವ ಪ್ರಥಮ್ ಎಂಬ ಸ್ವಯಂಸೇವಾ ಸಂಸ್ಥೆಯವರು ದೇಶದ ಎಷ್ಟೋ ಕಡೆ ಬಳಸಿರುವ ಕ್ರಮ ಇದು, ನಮ್ಮಲ್ಲಿ 'ಓದು ಕರ್ನಾಟಕ' ಕಾರ್ಯಕ್ರಮದಲ್ಲೂ ಇತ್ತು. ಹೊಸದೇನಲ್ಲ. ಕಷ್ಟ ಇರುವುದು ಒಂದು ಮಗುವನ್ನೂ ಬಿಡದೆ ಮಾಡುವುದರಲ್ಲಿ. ಗೈರುಹಾಜರಾದವರನ್ನು ಮರುದಿನ ಹಿಡಿದು ಓದಿಸಬೇಕು, ಅವರೇ ಹಿಂದೆ ಬಿದ್ದಿರುವವರು.

ಐದನೇ ತರಗತಿಯ ಒಬ್ಬ ಹುಡುಗಿ ಕನ್ನಡ ಪುಸ್ತಕ ಹಿಡಿದು ಒಂದು ಪುಟ ಪೂರ್ತಿ ಗಟ್ಟಿಯಾಗಿ ಓದಿದಳು. ತಡವರಿಕೆ ಇಲ್ಲ, ರಾಗ ಸಹ ಇತ್ತು. ಆದರೆ ಬೆರಳು ಒಂದು ಸಾಲಿನ ಮೇಲೆ, ಬಾಯಿ ಇನ್ನೊಂದು ಸಾಲಿನಲ್ಲಿ. ಅದೇ ಪುಟದ ಮಧ್ಯದಿಂದ 'ಮರದ' ಎಂಬ ಪದ ತೋರಿಸಿ ಇದೇನಮ್ಮ ಅಂದರೆ ಸುಮ್ಮನಾದಳು. ಪಾಠ ಬಾಯಿಪಾಠವಾಗಿತ್ತು, ಅಷ್ಟೇ. ನೋಟ್‌ಬುಕ್ ನೋಡಿದರೆ ಮುತ್ತಿನಂಥ ಅಕ್ಷರ, ಎಲ್ಲಾ ಬೋರ್ಡ್ ನೋಡಿ ಬರೆದದ್ದು. ಇಂಥ ಮಕ್ಕಳು ಜಾಣರು. ತರಗತಿಯಲ್ಲಿ ಯಾರಿಗೂ ತೊಂದರೆ ಕೊಡದೆ ವರ್ಷಗಟ್ಟಲೆ ಹೀಗೇ ದಾಟಿಬಿಡುತ್ತಾರೆ. ಓದಿಸಿ ನೋಡುವವರೆಗೆ ಆಕೆಯ ಶಿಕ್ಷಕಿಗೂ ಇದು ಗೊತ್ತಿರಲಿಲ್ಲ. ಅವರನ್ನು ದೂರುವಂತಿಲ್ಲ, ಎರಡು ತರಗತಿ ಸೇರಿಸಿ ಒಬ್ಬರೇ ನಡೆಸುತ್ತಿದ್ದರು.

ಎಲ್ಲ ಶಾಲೆಗಳ ಹಾಳೆಗಳನ್ನು ಕ್ಲಸ್ಟರ್ ಸಭೆಯಲ್ಲಿ ಹರಡಿ ಕೂತಾಗ ಒಂದು ವಿಷಯ ಕಣ್ಣಿಗೆ ಹೊಡೆಯಿತು. ಬಹಳಷ್ಟು ಮಕ್ಕಳಿಗೆ ಬಿಡಿ ಅಕ್ಷರ ಬರುತ್ತಿತ್ತು. ಅವರು ನಿಲ್ಲುತ್ತಿದ್ದದ್ದು ಎರಡೇ ಕಡೆ: ಕಾಗುಣಿತದ ದೀರ್ಘ ಮತ್ತು ಒತ್ತಕ್ಷರ. ಕಿ ಮತ್ತು ಕೀ, ಕೆ ಮತ್ತು ಕೇ ಬೇರೆ ಅನ್ನುವುದು ಗಟ್ಟಿಯಾಗಿರಲಿಲ್ಲ. ಒತ್ತು ಬಂದರೆ ಅದನ್ನು ಬಿಟ್ಟು ಮುಂದೆ ಹೋಗುತ್ತಿದ್ದರು. ಮನೆಯಲ್ಲಿ ತೆಲುಗು, ತಮಿಳು, ಉರ್ದು, ಹಿಂದಿ ಆಡುವ ಮಕ್ಕಳಿಗೂ ಇದೇ ತೊಡಕು, ಯಾದಗಿರಿ, ರಾಯಚೂರು ಕಡೆಯಿಂದ ಬಂದ ಅಚ್ಚ ಕನ್ನಡದ ಮಕ್ಕಳಿಗೂ ಇದೇ ತೊಡಕು. ಇದು ನಮಗೆ ದೊಡ್ಡ ಸಮಾಧಾನ ಕೊಟ್ಟಿತು. 'ಮಕ್ಕಳಿಗೆ ಏನೂ ಬರಲ್ಲ' ಅಂತ ಕೂತರೆ ಕೈಕಾಲು ಆಡಲ್ಲ. 'ದೀರ್ಘ ಬರಲ್ಲ, ಒತ್ತು ಬರಲ್ಲ' ಅಂತ ಗೊತ್ತಾದರೆ ನಾಳೆ ಬೆಳಿಗ್ಗೆಯೇ ಶುರು ಮಾಡಬಹುದು.

ಬೆಳಗಿನ ಪ್ರಾರ್ಥನೆ ಮುಗಿದ ಮೇಲಿನ ಒಂದೂವರೆ ಗಂಟೆಯನ್ನು ಓದಿಗೆ ಎತ್ತಿಟ್ಟೆವು. ಆ ಹೊತ್ತಿನಲ್ಲಿ ತರಗತಿ ಲೆಕ್ಕಕ್ಕಿಲ್ಲ, ಹಂತದ ಪ್ರಕಾರ ಗುಂಪು. ಒಬ್ಬೊಬ್ಬ ಶಿಕ್ಷಕರಿಗೆ ಒಂದೊಂದು ಗುಂಪು. ಸಭೆಯಲ್ಲಿ ಎದ್ದ ಮೊದಲ ಪ್ರಶ್ನೆ, "ಸಿಲಬಸ್ ಯಾವಾಗ ಮುಗಿಸೋದು ಮೇಡಂ?" ನ್ಯಾಯವಾದ ಪ್ರಶ್ನೆ. ಓದು ಬಾರದ ಮಗುವಿಗೆ ಸಮಾಜ ವಿಜ್ಞಾನದ ಪಾಠ ಮುಗಿದರೂ ಮುಗಿದಂತಲ್ಲ ಅಂತ ನಾನು ಹೇಳಿದೆ. ಎಲ್ಲರೂ ಒಪ್ಪಲಿಲ್ಲ. ಒಪ್ಪಿದ ಎರಡು ಶಾಲೆಗಳಲ್ಲಿ ಶುರು ಮಾಡಿದೆವು. ದಸರಾ ರಜೆ ಮುಗಿಸಿ ಬಂದ ಮೇಲೆ ಉಳಿದ ಶಾಲೆಯವರು ತಾವಾಗಿಯೇ ಬಂದು ಆ ತರಗತಿಗಳನ್ನು ನೋಡಿದರು. ಒಬ್ಬ ಶಿಕ್ಷಕಿ ಇನ್ನೊಬ್ಬ ಶಿಕ್ಷಕಿಯ ತರಗತಿಯಲ್ಲಿ ಅರ್ಧ ದಿನ ಕೂರುವುದು ಎಷ್ಟೋ ತರಬೇತಿಗಿಂತ ಜಾಸ್ತಿ ಕೆಲಸ ಮಾಡುತ್ತದೆ. ಆ ದಿನ ಅವರ ತರಗತಿಯನ್ನು ನಾನೇ ತಗೊಳ್ಳುತ್ತಿದ್ದೆ.

ಆರು, ಏಳನೇ ತರಗತಿಯ ಹುಡುಗರದ್ದು ಬೇರೆಯೇ ಕಥೆ. ಮೀಸೆ ಚಿಗುರುವ ವಯಸ್ಸಿನವರನ್ನು ನಾಲ್ಕನೇ ತರಗತಿಯ ಪುಟಾಣಿಗಳ ಜೊತೆ ಕೂರಿಸಿದರೆ ಮರುದಿನ ಶಾಲೆಗೇ ಬರಲ್ಲ. ಅವರಿಗೆ ಪ್ರತ್ಯೇಕ ಗುಂಪು ಮಾಡಿದೆವು, ಪಾಠದ ಪುಸ್ತಕ ಬದಿಗಿಟ್ಟೆವು. ಬಸ್ ಬೋರ್ಡುಗಳಿಂದ ಶುರು. ಲಗ್ಗೆರೆ, ಹೆಗ್ಗನಹಳ್ಳಿ, ಸುಂಕದಕಟ್ಟೆ: ಅಕ್ಷರಕ್ಕೆ ಅದೇ ಅಕ್ಷರದ ಒತ್ತು. ಆಮೇಲೆ ಪೀಣ್ಯ, ಗೊರಗುಂಟೆಪಾಳ್ಯ: ಅಕ್ಷರ ಒಂದು, ಒತ್ತು ಇನ್ನೊಂದು. ಚೊಕ್ಕಸಂದ್ರದಲ್ಲಿ ಎರಡೂ ಇವೆ. ದಿನಾ ಓಡಾಡುವ ಜಾಗದ ಹೆಸರು ಬಾಯಲ್ಲಿ ಮೊದಲೇ ಇರುತ್ತದೆ, ಕಣ್ಣಿಗೆ ಅದನ್ನು ಹೊಂದಿಸಿದರೆ ಸಾಕು. ಸಂಜೆ ಮನೆಗೆ ಹೋಗುವಾಗ ಐದು ಹೊಸ ಬೋರ್ಡ್ ಓದಿಕೊಂಡು ಬನ್ನಿ ಅಂತ ಹೋಂವರ್ಕ್. ಅಂಗಡಿ ಹೆಸರು, ಗೋಡೆ ಮೇಲಿನ ಜಾಹೀರಾತು, ಕಾರ್ಖಾನೆ ಗೇಟಿನ 'ಕೆಲಸಕ್ಕೆ ಬೇಕಾಗಿದ್ದಾರೆ' ಬೋರ್ಡ್ ಎಲ್ಲವನ್ನೂ ಬರೆದುಕೊಂಡು ಬರುತ್ತಿದ್ದರು. ಅದರಲ್ಲಿರುವ ತಪ್ಪು ಕಾಗುಣಿತವನ್ನು ಹಿಡಿದು ಬಂದು ಹೇಳಿದ ದಿನ ಆ ಗುಂಪಿನ ಮೇಷ್ಟ್ರು ನನಗೆ ಫೋನ್ ಮಾಡಿದ್ದರು.

ಒಂದರಿಂದ ಮೂರನೇ ತರಗತಿಗೆ ನಲಿ-ಕಲಿ ಇದೆ, ಅಂದರೆ ಚಟುವಟಿಕೆಗಳ ಮೂಲಕ, ಅಕ್ಷರಮಾಲೆಯ ಕ್ರಮ ಹಿಡಿಯದೆ ಕಲಿಸುವ ಪದ್ಧತಿ. ಅದನ್ನು ನಾವು ಮುಟ್ಟಲಿಲ್ಲ. 1995ರಲ್ಲಿ ಹೆಗ್ಗಡದೇವನಕೋಟೆ ತಾಲೂಕಿನಲ್ಲಿ ಶಿಕ್ಷಕರೇ ಸೇರಿ ಕಟ್ಟಿದ ಕ್ರಮ ಅದು, ಇವತ್ತಿಗೂ ನನಗೆ ಅದರ ಮೇಲೆ ಗೌರವ. ಪೋಷಕರಿಗೆ ಮಾತ್ರ ಅನುಮಾನ. "ಅ ಆ ಇ ಈ ಯಾಕ್ರಿ ಹೇಳಿಕೊಡಂಗಿಲ್ಲ?" ಅಂತ ಕೇಳುತ್ತಿದ್ದರು. ರ, ಗ, ಸ, ದ, ಅ ಇಷ್ಟೇ ಕಲಿತರೆ ಸರ, ಅರಸ, ಅಗಸ, ಗರಗಸ ಎಲ್ಲಾ ಓದಬಹುದು ಅಂತ ಅವರ ಮಗುವಿನ ಕೈಯಲ್ಲೇ ಓದಿಸಿ ತೋರಿಸಿದರೆ ಆ ಪ್ರಶ್ನೆ ಮತ್ತೆ ಬರುತ್ತಿರಲಿಲ್ಲ.

ಇಷ್ಟೆಲ್ಲಾ ಮಾಡಲು ಬೇಕಾದದ್ದು ಆ ಒಂದೂವರೆ ಗಂಟೆ. ಅದನ್ನು ಉಳಿಸಿಕೊಳ್ಳುವುದೇ ಎಲ್ಲಕ್ಕಿಂತ ದೊಡ್ಡ ಹೋರಾಟವಾಗಿತ್ತು. ಸರ್ಕಾರಿ ಶಾಲೆಯ ಶಿಕ್ಷಕರ ಫೋನ್ ಬೆಳಿಗ್ಗೆ ಹತ್ತಕ್ಕೆ ಶುರುವಾಗುತ್ತದೆ. ಸ್ಯಾಟ್ಸ್‌ನಲ್ಲಿ (ಪ್ರತಿ ಮಗುವಿನ ದಾಖಲೆ ಇರುವ ಇಲಾಖೆಯ ಆನ್‌ಲೈನ್ ವ್ಯವಸ್ಥೆ) ಎಂಟ್ರಿ ಮಾಡಿ, ಯುಡೈಸ್ (ಶಾಲೆಗಳ ಅಂಕಿ-ಅಂಶದ ವ್ಯವಸ್ಥೆ) ಮುಗಿಸಿ, ಆಧಾರ್ ಹೊಂದಾಣಿಕೆ ಆಗದ ಮಕ್ಕಳ ಪಟ್ಟಿ ಕೊಡಿ, ಫೋಟೋ ಹಾಕಿ. ಎಲ್ಲದರ ತಲೆಯ ಮೇಲೂ 'ತುರ್ತು' ಅಂತ ಇರುತ್ತದೆ. ಇದರ ಜೊತೆ ಮತದಾರರ ಪಟ್ಟಿ ಕೆಲಸ, ಸಮೀಕ್ಷೆ. ಮುಖ್ಯ ಶಿಕ್ಷಕರಿಗೆ ಇನ್ನೂ ಕಷ್ಟ. ಬೆಂಗಳೂರಿನ ಬಹಳ ಶಾಲೆಗಳಿಗೆ ಬಿಸಿಯೂಟ ದೊಡ್ಡ ಅಡುಗೆಮನೆಯಿಂದ ವ್ಯಾನಿನಲ್ಲಿ ಬರುತ್ತದೆ, ಆದರೆ ಮೊಟ್ಟೆಯನ್ನು ಶಾಲೆಯೇ ಕೊಳ್ಳಬೇಕು, ಬೇಯಿಸಬೇಕು, ಸುಲಿಸಬೇಕು. ಆಗ ಒಂದು ಮೊಟ್ಟೆಗೆ 6 ರೂಪಾಯಿ ಲೆಕ್ಕವಿತ್ತು. 2024ರಿಂದ ವಾರಕ್ಕೆ ಆರು ದಿನ ಮೊಟ್ಟೆ ಆದಾಗ ಮಕ್ಕಳಿಗೆ ತುಂಬಾ ಒಳ್ಳೆಯದಾಯಿತು, ಅದರಲ್ಲಿ ಎರಡು ಮಾತಿಲ್ಲ. ಆದರೆ ಮೊಟ್ಟೆಯ ದರ ಏರಿದಾಗ ಆ ವ್ಯತ್ಯಾಸ ಹೊಂದಿಸುವವರು ಹೆಡ್‌ಮಾಸ್ಟರ್, ಓದಿನ ಗುಂಪು ಬಿಟ್ಟು ಅಂಗಡಿಗೆ ಹೋಗುವವರೂ ಅವರೇ.

ನಾನು ಬಿ.ಇ.ಒ. ಸಾಹೇಬರ ಹತ್ತಿರ ಕೇಳಿದ್ದು ಒಂದೇ. ಮಧ್ಯಾಹ್ನ ಮೂರರ ಮೊದಲು ನಮ್ಮ ಕ್ಲಸ್ಟರ್‌ನ ಶಿಕ್ಷಕರಿಂದ ಮಾಹಿತಿ ಕೇಳಬೇಡಿ, ತೀರಾ ಬೇಕಾದರೆ ನನ್ನನ್ನು ಕೇಳಿ. ಅವರು ಒಪ್ಪಿದರು. ಶಾಲೆಗಳ ದಾಖಲಾತಿ, ಶೌಚಾಲಯ, ಖಾಲಿ ಹುದ್ದೆ, ಅತಿಥಿ ಶಿಕ್ಷಕರ ವಿವರ ಎಲ್ಲವನ್ನೂ ಒಂದು ಪುಸ್ತಕದಲ್ಲಿ ಬರೆದಿಟ್ಟುಕೊಂಡೆ. ಮೇಲಿನಿಂದ ಕೇಳುವ ಕಾಲಂಗಳಲ್ಲಿ ಅರ್ಧಕ್ಕಿಂತ ಹೆಚ್ಚು ಹಳೆಯವೇ, ಹೊಸ ನಮೂನೆಯಲ್ಲಿ ಬರುತ್ತವೆ ಅಷ್ಟೇ. ಅವನ್ನು ನಾನೇ ತುಂಬಿ ಕಳಿಸುತ್ತಿದ್ದೆ. ಸಿ.ಆರ್.ಪಿ. ಆದವರು ಶಿಕ್ಷಕರಿಗೆ ಮಾಡಬಹುದಾದ ದೊಡ್ಡ ಉಪಕಾರ ಇದು ಅಂತ ನನಗೆ ಬಲವಾಗಿ ಅನಿಸಿದೆ.

ಹಾಜರಿಯದ್ದು ಮನೆಯಿಂದಲೇ ಬಿಡಿಸಬೇಕಾದ ಗಂಟು. ಇಲ್ಲಿನ ತಾಯಂದಿರಲ್ಲಿ ಬಹಳ ಜನ ಗಾರ್ಮೆಂಟ್ಸ್‌ಗೆ ಹೋಗುತ್ತಾರೆ. ಚಿಕ್ಕ ಮಗುವನ್ನು ನೋಡಿಕೊಳ್ಳಲು ದೊಡ್ಡ ಹುಡುಗಿ ಮನೆಯಲ್ಲೇ ಉಳಿಯುತ್ತಾಳೆ. ಬೈದರೆ ಏನೂ ಆಗಲ್ಲ. ಎಸ್.ಡಿ.ಎಂ.ಸಿ. (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯನ್ನು ಭಾನುವಾರಕ್ಕೆ ಹಾಕಿದೆವು, ಆಗ ತಾಯಂದಿರು ಬಂದರು. ಶಿಕ್ಷಣ ಹಕ್ಕು ಕಾಯ್ದೆ ಪ್ರಕಾರ ಆ ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರೇ ಇರಬೇಕು, ಅರ್ಧದಷ್ಟು ಮಹಿಳೆಯರಿರಬೇಕು. ವಾರದ ದಿನ ಸಭೆ ಕರೆದರೆ ಒಂದು ದಿನದ ಸಂಬಳ ಬಿಟ್ಟು ಯಾರು ಬರುತ್ತಾರೆ? ಮೂವತ್ತಕ್ಕಿಂತ ಹೆಚ್ಚು ಹೆಂಗಸರಿರುವ ಕಾರ್ಖಾನೆ ಆರು ವರ್ಷದೊಳಗಿನ ಮಕ್ಕಳಿಗೆ ಶಿಶುಪಾಲನಾ ಕೋಣೆ ಇಡಲೇಬೇಕು ಎಂಬ ಕಾನೂನು ಆಗ ಇತ್ತು. ಅದನ್ನು ಆ ಸಭೆಯಲ್ಲಿ ಹೇಳಿದಾಗ ಹಲವರಿಗೆ ಅದು ಹೊಸ ಸುದ್ದಿ. ನಾಲ್ಕೈದು ಜನ ಸೇರಿ ಫ್ಯಾಕ್ಟರಿಯಲ್ಲಿ ಕೇಳಿದರು. ಮೂರು ದಾಟಿದ ಮಕ್ಕಳನ್ನು ಪಕ್ಕದ ಅಂಗನವಾಡಿಗೆ ಹಾಕಿಸಿದೆವು. ಎಲ್ಲ ಮನೆಯಲ್ಲೂ ದಾರಿ ಸಿಗಲಿಲ್ಲ, ಆದರೆ ಹಲವು ಹೆಣ್ಣುಮಕ್ಕಳು ದಿನಾ ಬರತೊಡಗಿದರು.

ಊರಿಗೆ ಹೋಗಿ ಬರುವ ಮಕ್ಕಳಿಗೆ ಇನ್ನೊಂದು ತೊಂದರೆ. ಟಿ.ಸಿ. ಇಲ್ಲ ಅಂತ ವಾರಗಟ್ಟಲೆ ಹೊರಗೆ ನಿಲ್ಲಿಸುವ ಅಭ್ಯಾಸ ಕೆಲವು ಕಡೆ ಇತ್ತು. ಟಿ.ಸಿ. ತಡವಾಯಿತು ಅಂತ ದಾಖಲಾತಿ ನಿಲ್ಲಿಸುವಂತಿಲ್ಲ, ವಯಸ್ಸಿನ ದಾಖಲೆ ಇಲ್ಲ ಅಂತಲೂ ನಿಲ್ಲಿಸುವಂತಿಲ್ಲ. ಕಾಯ್ದೆಯಲ್ಲಿ ಸ್ಪಷ್ಟವಾಗಿದೆ. ಮಗು ಬಂದ ದಿನವೇ ಒಳಗೆ ಕೂರಿಸುವುದು, ಊರಿನ ಶಾಲೆಯ ಹೆಡ್‌ಮಾಸ್ಟರಿಗೆ ಫೋನ್ ಮಾಡಿ ಸ್ಯಾಟ್ಸ್‌ನಲ್ಲಿ ಬಿಡಿಸಿಕೊಳ್ಳುವುದು ಆಮೇಲೆ. ಈ ಕ್ರಮವನ್ನು ಎಲ್ಲ ಶಾಲೆಗಳೂ ಒಪ್ಪಿಕೊಂಡವು.

ಬೆಂಗಳೂರಿನಲ್ಲಿ ಶಾಲೆಗೆ ಸಹಾಯ ಮಾಡುವವರಿಗೆ ಕೊರತೆ ಇಲ್ಲ. ಕಂಪನಿಗಳವರು ಶನಿವಾರ ಬಂದು ಗೋಡೆಗೆ ಬಣ್ಣ ಹೊಡೆಯುತ್ತಾರೆ, ಬ್ಯಾಗ್ ಕೊಡುತ್ತಾರೆ. ಮನಸ್ಸಿಟ್ಟು ಮಾಡುತ್ತಾರೆ. ನಾನು ಅವರ ಹತ್ತಿರ ಕೇಳುತ್ತಿದ್ದದ್ದು ಬೇರೆ: ಶೌಚಾಲಯ ತೊಳೆಯುವವರಿಗೆ ಒಂದು ವರ್ಷದ ಸಂಬಳ ಕೊಡ್ತೀರಾ? ನೂರರಿಂದ ಇನ್ನೂರೈವತ್ತು ಮಕ್ಕಳಿರುವ ಶಾಲೆಗೆ ವರ್ಷಕ್ಕೆ ಬರುವ ಶಾಲಾ ಅನುದಾನ 50 ಸಾವಿರ ರೂಪಾಯಿ. ಅದರಲ್ಲೇ ಚಾಕ್‌ಪೀಸ್, ರಿಪೇರಿ, ಫಿನೈಲ್ ಎಲ್ಲಾ. 2023ರ ನವೆಂಬರ್‌ನಿಂದ ಸರ್ಕಾರಿ ಶಾಲೆಗಳಿಗೆ ಕರೆಂಟು, ನೀರು ಉಚಿತವಾದ ಮೇಲೆ ಸ್ವಲ್ಪ ಉಸಿರಾಡುವಂತಾಗಿದೆ. ಆದರೂ ದಿನಾ ಬರುವ ಒಬ್ಬ ಸ್ವಚ್ಛತಾ ಕೆಲಸಗಾರರ ಸಂಬಳ ಅದರಲ್ಲಿ ಹುಟ್ಟಲ್ಲ. ಎರಡು ಸಂಸ್ಥೆಗಳು ಒಪ್ಪಿದವು. ಶೌಚಾಲಯ ಸ್ವಚ್ಛವಾದ ಶಾಲೆಗಳಲ್ಲಿ ಆರು, ಏಳನೇ ತರಗತಿಯ ಹುಡುಗಿಯರ ಹಾಜರಿ ಹೇಗೆ ಬದಲಾಯಿತು ಅನ್ನುವುದನ್ನು ಹಾಜರಿ ಪುಸ್ತಕದಲ್ಲೇ ನೋಡಬಹುದು.

ಇಂಗ್ಲಿಷ್ ಮಾಧ್ಯಮದ ಬಗ್ಗೆ ನನ್ನನ್ನು ಎಲ್ಲರೂ ಕೇಳುತ್ತಾರೆ. 2019ರಲ್ಲಿ ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ವಿಭಾಗ ಶುರುವಾದಾಗ ಪೋಷಕರು ಸಾಲು ನಿಂತದ್ದು ಸುಳ್ಳಲ್ಲ. ಅವರ ಆಸೆಯನ್ನು ಹಗುರವಾಗಿ ಕಾಣಬಾರದು. ನನ್ನ ಅಭಿಪ್ರಾಯ ಇಷ್ಟು: ಒಂದು ಭಾಷೆಯಲ್ಲಿ ಓದು ಕೂತ ಮಗು ಎರಡನೆಯದನ್ನು ಬೇಗ ಹಿಡಿಯುತ್ತದೆ. ಯಾವುದರಲ್ಲೂ ಕೂರದ ಮಗುವಿಗೆ ಮಾಧ್ಯಮ ಬದಲಿಸಿ ಪ್ರಯೋಜನವಿಲ್ಲ.

ನನ್ನ ಅವಧಿ ಮುಗಿದು ಈಗ ಮತ್ತೆ ತರಗತಿಗೆ ಬಂದಿದ್ದೇನೆ. ಓದಿನ ಹಾಳೆ ಮುಂದುವರಿದಿದೆ, ಬಾಕಿ ಇರುವುದು ಹೈಸ್ಕೂಲಿನ ಕಡೆಯ ಕೆಲಸ. ಎಸ್.ಎಸ್.ಎಲ್.ಸಿ. ಪರೀಕ್ಷಾ ಕೊಠಡಿಗಳಿಗೆ ಕ್ಯಾಮೆರಾ ಕಣ್ಗಾವಲು ಬಂದ 2024ರಲ್ಲಿ, ಕೃಪಾಂಕ ಜಾಸ್ತಿ ಕೊಟ್ಟೂ ರಾಜ್ಯದ ಫಲಿತಾಂಶ ಶೇಕಡ 83.89ರಿಂದ 73.40ಕ್ಕೆ ಇಳಿಯಿತು. ಹೈಸ್ಕೂಲಿನವರು ಪ್ರಾಥಮಿಕ ಶಾಲೆಯವರನ್ನು ದೂರುತ್ತಾರೆ, ಇವರು ಅವರನ್ನು. ಹಾಗಾಗಿ ಏಳನೇ ತರಗತಿ ಮುಗಿಸುವ ಪ್ರತಿ ಮಗುವಿನ ಓದಿನ ಹಾಳೆಯನ್ನು ಟಿ.ಸಿ. ಜೊತೆಗೇ ಹೈಸ್ಕೂಲಿಗೆ ಕಳಿಸುವುದು ಅಂತ ಎರಡೂ ಕಡೆಯವರು ಸೇರಿ ತೀರ್ಮಾನಿಸಿದ್ದೇವೆ. ಎಂಟನೇ ತರಗತಿಯ ಕನ್ನಡ ಮೇಷ್ಟ್ರು ಅದನ್ನು ನೋಡಿಕೊಂಡು ಜೂನ್‌ನ ಸೇತುಬಂಧಕ್ಕೆ (ಹಿಂದಿನ ತರಗತಿಯ ಕಲಿಕೆಯನ್ನು ಗಟ್ಟಿ ಮಾಡುವ ಪಾಠಗಳಿಗೆ) ಗುಂಪು ಮಾಡುತ್ತಾರೆ. ಗಣಿತಕ್ಕೆ ಇಂಥ ಹಾಳೆ ಇನ್ನೂ ಸಿದ್ಧವಾಗಿಲ್ಲ. ಭಾಗಾಕಾರದಿಂದ ಶುರು ಮಾಡೋಣ ಅಂತ ಮಾತಾಗಿದೆ, ಅದರ ಪ್ರಶ್ನೆಗಳನ್ನು ಈಗ ಬರೆಯುತ್ತಿದ್ದೇವೆ.