ಮೈಯೆಲ್ಲ ನೋವು, ಸುಸ್ತು: ಮೊದಲು ಥೈರಾಯ್ಡ್ ನೋಡಿಸಿ

ಕಾಫಿ ಕೊಯ್ಲಿನ ಹೊತ್ತಿಗೆ ನಮ್ಮ ಸುಂಟಿಕೊಪ್ಪದ ಕಡೆ ಮೈಕೈ ನೋವು ಯಾರಿಗಿರುವುದಿಲ್ಲ ಹೇಳಿ! ಆದರೆ 3 ತಿಂಗಳಾದರೂ ಹೋಗದೆ, ಭುಜ, ಸೊಂಟ, ತೊಡೆ ಅಂತ ಎಲ್ಲ ಕಡೆ ಹರಡಿದ್ದರೆ ಸುಮ್ನೆ ಎಣ್ಣೆ ತಿಕ್ಕಿಕೊಂಡು ಕೂರಬೇಡಿ.

ಅದು ಫೈಬ್ರೊಮಯಾಲ್ಜಿಯಾ, ಅಂದರೆ ಮೈಯೆಲ್ಲ ನೋವು, ಸುಸ್ತು ಬಹುಕಾಲ ಕಾಡುವ ಕಾಯಿಲೆ ಇರಬಹುದು. ಥೈರಾಯ್ಡ್ ಹಾರ್ಮೋನ್ ಕಮ್ಮಿಯಾದರೂ ಹೀಗೇ ನೋವು, ಸುಸ್ತು ಬರುತ್ತದೆ. ಎರಡೂ ಇರುವವರಿದ್ದಾರೆ, ನಾನೂ ಅವರಲ್ಲೊಬ್ಬಳು. ಫೈಬ್ರೊಮಯಾಲ್ಜಿಯಾವನ್ನು ರಕ್ತ ಪರೀಕ್ಷೆಯಲ್ಲಿ ಹಿಡಿಯಲು ಆಗುವುದಿಲ್ಲ, ಥೈರಾಯ್ಡನ್ನು ಹಿಡಿಯಬಹುದು. ಅದಕ್ಕೇ ಮೊದಲು ಟಿಎಸ್‌ಎಚ್, ಫ್ರೀ ಟಿ4 ಎಂಬ ಥೈರಾಯ್ಡ್ ರಕ್ತ ಪರೀಕ್ಷೆ ಮಾಡಿಸಿ. ಕೂದಲಿಗೆಂದು ಬಯೋಟಿನ್ ಎಂಬ ವಿಟಮಿನ್ ಮಾತ್ರೆ ನುಂಗುತ್ತಿದ್ದರೆ ಡಾಕ್ಟರಿಗೆ ಮೊದಲೇ ಹೇಳಿ, ರಿಪೋರ್ಟ್ ತಪ್ಪಾಗಿ ಬರಬಹುದು. ಮಲಬದ್ಧತೆ, ಒಣ ಚರ್ಮ, ಚಳಿ ತಡೆಯದಿರುವುದು, ಇದನ್ನೂ ಹೇಳಿ. ಕೊಡಗಿನ ಮಳೆಗಾಲದಲ್ಲಿ ಚಳಿ ಇದ್ದದ್ದೇ, ಅಲ್ವಾ? ಮನೆಯವರಿಗಿಂತ ನಿಮಗೆ ಜಾಸ್ತಿಯಾ ನೋಡಿ.

ಥೈರಾಯ್ಡ್ ಕಮ್ಮಿ ಅಂತ ಥೈರಾಕ್ಸಿನ್ ಮಾತ್ರೆ ಬರೆದುಕೊಟ್ಟರೆ ನಮ್ಮವರಿಗೆ ದೊಡ್ಡ ಕಷ್ಟ ಬೆಳಗಿನ ಬೆಲ್ಲದ ಕಾಫಿ. ಜೊತೆಗೇ ಕುಡಿದರೆ ಮಾತ್ರೆ ಮೈಗೆ ಸರಿಯಾಗಿ ಹತ್ತುವುದಿಲ್ಲ. ನಾನು ಮಾತ್ರೆಯನ್ನೂ ಒಂದು ಲೋಟ ನೀರನ್ನೂ ಹಾಸಿಗೆ ಪಕ್ಕದಲ್ಲೇ ಇಡುತ್ತೇನೆ. ಎದ್ದ ಕೂಡಲೇ ನುಂಗಿ, ಕೋಳಿಗೂಡು ತೆರೆದು, ಅಂಗಳ ಗುಡಿಸಿ, ಒಂದು ಗಂಟೆ ಕಳೆದ ಮೇಲೇ ಕಾಫಿಗೆ ನೀರಿಡುತ್ತೇನೆ. ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆಗೆ 4 ಗಂಟೆ ಅಂತರ ಬೇಕು. 6ರಿಂದ 8 ವಾರಕ್ಕೆ ಮತ್ತೆ ಟಿಎಸ್‌ಎಚ್ ನೋಡಿಸಿ.

ಅದು ಸರಿಹೋದ ಮೇಲೂ ನೋವು ಉಳಿದರೆ ಡೋಸ್ ನೀವೇ ಏರಿಸಬೇಡಿ. ಜಾಸ್ತಿಯಾದರೆ ಎದೆ ಬಡಿತ ಹೆಚ್ಚಬಹುದು, ಮೂಳೆ ಸವೆಯಬಹುದು. ಫೈಬ್ರೊಮಯಾಲ್ಜಿಯಾ ಇದೆಯಾ ಅಂತ ಡಾಕ್ಟರನ್ನು ಕೇಳಿ. ಇದ್ದರೆ, ನಿಧಾನಕ್ಕೆ ಹೆಚ್ಚಿಸುತ್ತಾ ಹೋಗುವ ನಡಿಗೆ ಒಳ್ಳೆಯದು. ತೋಟದ ಏರು ಬೇಡ, ಗದ್ದೆ ಬದಿಯ ಸಮತಟ್ಟು ದಾರಿಯಿಂದ ಶುರು ಮಾಡಿ.