ಮಂಡಿ ಕಂಪ್ಯೂಟರ್ ಏಳಲಿಲ್ಲ, ಎದ್ದ ಮೇಲೆ ನೆಟ್‌ವರ್ಕ್ ಬರಲಿಲ್ಲ

ಕೋಲಾರದ ಎಪಿಎಂಸಿ ಯಾರ್ಡಿನಲ್ಲಿ ಒಂದು ಟೊಮ್ಯಾಟೊ ಮಂಡಿ. ಅಲ್ಲಿನ ಕಂಪ್ಯೂಟರ್ ಕೆಲಸ ಐದು ವರ್ಷದಿಂದ ನನ್ನದೇ. ದೊಡ್ಡದೇನಲ್ಲ. ಮೂಲೆಯಲ್ಲಿ ಒಂದು ಸರ್ವರ್, ಅಂದರೆ ಮಾಮೂಲಿ ಡೆಸ್ಕ್‌ಟಾಪೇ. ಅದಕ್ಕೆ ವಿಂಡೋಸ್ ಬದಲು ಉಬುಂಟು ಸರ್ವರ್ ಅನ್ನೋ ಲಿನಕ್ಸ್ ಹಾಕಿದ್ದೇನೆ, ಲೆಕ್ಕವೆಲ್ಲ ಮರಿಯಾಡಿಬಿ ಅನ್ನೋ ಡೇಟಾಬೇಸಿನಲ್ಲಿದೆ. ಮುಂದೆ ನಾಲ್ಕು ಕೌಂಟರ್. ರೈತರ ಹೆಸರು, 15 ಕೆಜಿ ಬಾಕ್ಸು ಎಷ್ಟು, ಹರಾಜಿನಲ್ಲಿ ನಿಂತ ರೇಟು, ಎಲ್ಲ ಅಲ್ಲಿಂದ ಸರ್ವರಿಗೆ ಹೋಗಿ ಪಟ್ಟಿ ಪ್ರಿಂಟಾಗಿ ಬರುತ್ತದೆ. ಸರ್ವರ್ ನಿಂತರೆ ಪಟ್ಟಿ ನಿಲ್ಲುತ್ತದೆ. ಪಟ್ಟಿ ಕೈಗೆ ಬರದೆ ರೈತ ಜಾಗ ಬಿಟ್ಟು ಕದಲುವುದಿಲ್ಲ, ಕದಲಲೂಬಾರದು.

ಆ ಸರ್ವರಿನಲ್ಲಿ ಇದ್ದದ್ದು ಉಬುಂಟು 20.04. ಅದರ ಮಾಮೂಲಿ ಸಪೋರ್ಟ್ 2025ರ ಮೇ ತಿಂಗಳಿಗೆ ಮುಗಿಯಿತು. ಇಂದು ನಾಳೆ ಅಂತ ತಳ್ಳಿ ತಳ್ಳಿ, ಕೊನೆಗೆ ಸೀಸನ್ ನಡುವೆಯೇ ಒಂದು ರಾತ್ರಿ ಕೂತೆ. 20.04ರಿಂದ ನೇರವಾಗಿ 24.04ಕ್ಕೆ ಹಾರಲು ಆಗಲ್ಲ, ನಡುವೆ 22.04ರ ಮೆಟ್ಟಿಲು ಹತ್ತಲೇಬೇಕು. ಹಾಗಾಗಿ ಆ ರಾತ್ರಿಯ ಗುರಿ 22.04 ಮಾತ್ರ.

ಅಪ್‌ಗ್ರೇಡ್ ಅಂದುಕೊಂಡಷ್ಟು ಕಷ್ಟ ಆಗಲಿಲ್ಲ. ನಡುನಡುವೆ, ಈ ಸೆಟ್ಟಿಂಗ್ ಫೈಲನ್ನು ನೀನು ತಿದ್ದಿದ್ದೀಯ, ನಿನ್ನದೇ ಇರಲಾ, ಹೊಸದು ಹಾಕಲಾ ಅಂತ ಕೇಳುತ್ತದೆ. ಎಲ್ಲದಕ್ಕೂ ನನ್ನದೇ ಇರಲಿ ಅಂದೆ. ಹತ್ತೂವರೆಗೆ ಮುಗಿಯಿತು, ರೀಸ್ಟಾರ್ಟ್ ಮಾಡಲಾ ಅಂತ ಕೇಳಿತು.

ಇಲ್ಲೇ ನಾನು ಎಡವಿದ್ದು. ಹೇಗೂ ಆಫ್ ಆಗುತ್ತದೆ, ಅದರ ಜೊತೆಗೇ ಡಿಸ್ಕ್ ಕೆಲಸವನ್ನೂ ಮುಗಿಸಿಬಿಡೋಣ ಅಂದುಕೊಂಡೆ. ಒಳಗೆ ಎರಡು ಹಳೇ ಹಾರ್ಡ್ ಡಿಸ್ಕ್ ಇದ್ದವು. ಒಂದು ಸಿಸ್ಟಮ್ಮಿಗೆ, 320 ಜಿಬಿ. ಇನ್ನೊಂದು ಬ್ಯಾಕಪ್‌ಗೆ. ಬ್ಯಾಕಪ್ ಡಿಸ್ಕ್ ಟಿಕ್ ಟಿಕ್ ಅನ್ನಲು ಶುರುಮಾಡಿ ಎರಡು ತಿಂಗಳಾಗಿತ್ತು. ಹೊಸ ಎನ್‌ವಿಎಂಇ ಎಸ್‌ಎಸ್‌ಡಿ, ಅಂದರೆ ವೇಗದ ಹೊಸ ಥರದ ಡಿಸ್ಕ್, ಬ್ಯಾಗಿನಲ್ಲಿತ್ತು. ಅದು ಕೂರುವ ಎಂ.2 ಜಾಗ ಬೋರ್ಡಿನಲ್ಲಿ ಖಾಲಿ ಇತ್ತು. ಡಿಸ್ಕ್ ನಕಲು ಮಾಡುವ ಕ್ಲೋನ್‌ಜಿಲ್ಲಾ ಹಾಕಿ ಸಿಸ್ಟಮ್ ಡಿಸ್ಕನ್ನು ಹಾಗೇ ಎಸ್‌ಎಸ್‌ಡಿಗೆ ಇಳಿಸಿದೆ. ಹಳೇ ಎರಡನ್ನೂ ಬಿಚ್ಚಿ ಟೇಬಲ್ ಮೇಲೆ ಇಟ್ಟೆ. ಆನ್ ಮಾಡಿದೆ.

ಕಪ್ಪು ಸ್ಕ್ರೀನಿನಲ್ಲಿ ಒಂದು ಸಾಲು. 'ಎ ಸ್ಟಾರ್ಟ್ ಜಾಬ್ ಈಸ್ ರನ್ನಿಂಗ್ ಫಾರ್' ಅಂತ ಶುರುವಾಗಿ, ಮುಂದೆ ಉದ್ದದ ಯಾವುದೋ ಅಕ್ಷರ, ಅಂಕಿಯ ಸರಪಳಿ. ಪಕ್ಕದಲ್ಲಿ ಕೆಂಪು ಚುಕ್ಕಿ ಎಡಕ್ಕೂ ಬಲಕ್ಕೂ ಓಡಾಡುತ್ತಿದೆ. ಕೊನೆಯಲ್ಲಿ ಸಮಯ: ಇಷ್ಟು ಸೆಕೆಂಡ್ ಆಯಿತು, ಮಿತಿ 1 ನಿಮಿಷ 30 ಸೆಕೆಂಡ್. ತೊಂಬತ್ತು ಸೆಕೆಂಡ್ ಮುಗಿದ ಮೇಲೆ ಎಮರ್ಜೆನ್ಸಿ ಮೋಡ್. ರಿಪೇರಿಗೆ ಎಂಟರ್ ಒತ್ತು, ಮುಂದುವರಿಯಲು ಕಂಟ್ರೋಲ್ ಡಿ ಒತ್ತು ಅಂತ ಬಂತು. ಕಂಟ್ರೋಲ್ ಡಿ ಒತ್ತಿದರೆ ಸುತ್ತಿ ಬಳಸಿ ಮತ್ತೆ ಅಲ್ಲಿಗೇ.

'ಅಪ್‌ಗ್ರೇಡ್ ಕೈಕೊಟ್ಟಿತು' ಅಂತ ಆ ಕ್ಷಣವೇ ತೀರ್ಮಾನ ಮಾಡಿಬಿಟ್ಟೆ. ಹೊಸ ಕರ್ನಲ್, ಅಂದರೆ ಲಿನಕ್ಸಿನ ತಿರುಳು, ಸರಿ ಇಲ್ಲ ಅನ್ನಿಸಿತು. ಆನ್ ಮಾಡುವಾಗ ಎಸ್ಕೇಪ್ ಒತ್ತಿ, ಯಾವ ಕರ್ನಲ್ಲಿನಲ್ಲಿ ಶುರುಮಾಡಬೇಕು ಅಂತ ಆರಿಸುವ ಗ್ರಬ್ ಮೆನು ತೆಗೆದೆ. ಅಡ್ವಾನ್ಸ್ಡ್ ಆಪ್ಷನ್ಸ್ ಒಳಗೆ ಹಳೇ 5.4 ಕರ್ನಲ್ ಇನ್ನೂ ಇತ್ತು. ಅದರಲ್ಲಿ ಹಾಕಿದೆ. ಅದೇ ಸಾಲು, ಅದೇ ಕೆಂಪು ಚುಕ್ಕಿ, ಅದೇ ತೊಂಬತ್ತು ಸೆಕೆಂಡ್.

ಹೊಸ ಕರ್ನಲ್ಲಿನಲ್ಲೂ ಹಳೇ ಕರ್ನಲ್ಲಿನಲ್ಲೂ ಒಂದೇ ಥರ ನಿಂತರೆ ತಪ್ಪು ಕರ್ನಲ್‌ದಲ್ಲ ಅಂತ ಗೊತ್ತಾಗಬೇಕಿತ್ತು, ಅಲ್ವಾ? ನನಗೆ ಹೊಳೆಯಲಿಲ್ಲ. ಬೂಟ್ ಶುರುವಿಗೆ ಬೇಕಾದ ಫೈಲುಗಳ ಗಂಟು, ಇನಿಟ್‌ರಾಮ್‌ಎಫ್‌ಎಸ್, ಮತ್ತೆ ಕಟ್ಟಿದೆ, ಗ್ರಬ್ ಮತ್ತೆ ಹಾಕಿದೆ. ಸುಮ್ನೆ ಒಂದೂವರೆ ಗಂಟೆ ಹೋಯಿತು. ಹೊರಗಡೆ ವಾಚ್‌ಮನ್ ತಾತ ಬಾಗಿಲಿಗೆ ಬಂದು, 'ಏಮಪ್ಪಾ, ಅಯಿಂದಾ?' ಅಂದರು. ಕೋಲಾರದಲ್ಲಿ ಕನ್ನಡಕ್ಕೂ ತೆಲುಗಿಗೂ ನಡುವೆ ಗೋಡೆ ಇಲ್ಲ. ಇನ್ನೂ ಇಲ್ಲ ತಾತ ಅಂದೆ. ಅವರು ಟೇಬಲ್ ಮೇಲಿದ್ದ ಎರಡು ಡಿಸ್ಕ್ ನೋಡಿ, 'ಇದನ್ನ ಒಳಗೆ ಹಾಕಲ್ವಾ?' ಅಂತ ಕೇಳಿದರು.

ಹಾಕಲ್ಲ ತಾತ, ಅದು ಹಳೇದು, ಅಂತ ಹೇಳುತ್ತಾ ಹೇಳುತ್ತಾ ಬಾಯಿ ನಿಂತಿತು.

ಎಂಟರ್ ಒತ್ತಿ ಒಳಗೆ ಹೋದೆ. ಎಲ್‌ಎಸ್‌ಬಿಎಲ್‌ಕೆ ಮೈನಸ್ ಎಫ್ ಹೊಡೆದರೆ ಈಗ ಇರುವ ಡಿಸ್ಕ್‌ಗಳ ಯುಯುಐಡಿ, ಅಂದರೆ ಗುರುತಿನ ಸಂಖ್ಯೆ, ಕಾಣುತ್ತದೆ. ಈಟಿಸಿ ಒಳಗಿನ ಎಫ್‌ಎಸ್‌ಟ್ಯಾಬ್ ಫೈಲ್ ತೆಗೆದರೆ ಬೂಟ್ ಆಗುವಾಗ ಬೇಕೆಂದು ನಾವು ಬರೆದಿಟ್ಟಿರುವ ಯುಯುಐಡಿ ಕಾಣುತ್ತದೆ. ಎರಡನ್ನೂ ಹೋಲಿಸಿ ನೋಡಿದೆ. ಸಿಸ್ಟಮ್ಮಿನದು ಸರಿ ಇತ್ತು, ಕ್ಲೋನ್ ಮಾಡಿದಾಗ ಯುಯುಐಡಿ ಹಾಗೇ ಬರುತ್ತದೆ. ಇನ್ನೊಂದು ಸಾಲು ಟೇಬಲ್ ಮೇಲೆ ಮಲಗಿದ್ದ ಬ್ಯಾಕಪ್ ಡಿಸ್ಕಿನದು. 2020ರಲ್ಲಿ ನಾನೇ ಬರೆದದ್ದು. ಆಪ್ಷನ್ ಜಾಗದಲ್ಲಿ ಬರೀ 'ಡಿಫಾಲ್ಟ್ಸ್' ಅಂತ ಹಾಕಿ ಕೈತೊಳೆದುಕೊಂಡಿದ್ದೆ. ಹಾಗೆ ಬರೆದರೆ ಆ ಡಿಸ್ಕ್ ಇರಲೇಬೇಕು ಅಂತ ಅರ್ಥ. ಇಲ್ಲದಿದ್ದರೆ, ಬೂಟ್ ಆಗುವಾಗ ಎಲ್ಲವನ್ನೂ ಎಬ್ಬಿಸುವ ಸಿಸ್ಟಮ್‌ಡಿ ತೊಂಬತ್ತು ಸೆಕೆಂಡ್ ಕಾದು, ಮುಂದೆ ಹೋಗದೆ ಎಮರ್ಜೆನ್ಸಿ ಮೋಡಿಗೆ ತಳ್ಳುತ್ತದೆ. ಅಲ್ಲಿ 'ನೋಫೇಲ್' ಅನ್ನೋ ಒಂದು ಪದ ಇದ್ದಿದ್ದರೆ ಡಿಸ್ಕ್ ಇಲ್ಲದೆಯೂ ಬೂಟ್ ಆಗುತ್ತಿತ್ತು.

ಆ ಸಾಲನ್ನು ಸಿಸ್ಟಮ್ ಓದದ ಹಾಗೆ ಅದರ ಮುಂದೆ ಹ್ಯಾಶ್ ಹಾಕಿ ಕೂರಿಸಿದೆ. ಫೈಂಡ್‌ಎಂಎನ್‌ಟಿ ಮೈನಸ್ ಮೈನಸ್ ವೆರಿಫೈ ಅಂತ ಒಂದು ಕಮಾಂಡ್ ಇದೆ. ಎಫ್‌ಎಸ್‌ಟ್ಯಾಬಿನಲ್ಲಿ ಏನಾದರೂ ತಪ್ಪಿದ್ದರೆ ರೀಸ್ಟಾರ್ಟ್‌ಗೆ ಮುಂಚೆಯೇ ಹೇಳುತ್ತದೆ. ಅದನ್ನು ಓಡಿಸಿ, ತಕರಾರಿಲ್ಲ ಅಂದ ಮೇಲೆ ರೀಸ್ಟಾರ್ಟ್ ಮಾಡಿದೆ.

ಈ ಸಲ ಬೇರೆ ಸಾಲು. ನೆಟ್‌ವರ್ಕ್ ಕಾನ್ಫಿಗರ್ ಆಗಲಿ ಅಂತ ಕಾಯುತ್ತಿದ್ದೇನೆ ಅಂತ. ಎರಡು ನಿಮಿಷ ನಿಂತು, ಆಮೇಲೆ ಲಾಗಿನ್ ಬಂತು. ಬಂತಲ್ಲ ಅಂತ ಖುಷಿ. ಕೌಂಟರಿಗೆ ಹೋಗಿ ನೋಡಿದರೆ ಸರ್ವರ್ ಸಿಗುತ್ತಿಲ್ಲ. ಪಿಂಗ್ ಇಲ್ಲ. ಸರ್ವರಿಗೆ ವಾಪಸ್ ಬಂದು ಸಿಸ್ಟಮ್‌ಸಿಟಿಎಲ್ ಮೈನಸ್ ಮೈನಸ್ ಫೇಲ್ಡ್ ಹೊಡೆದೆ. ಬಿದ್ದ ಸರ್ವಿಸ್‌ಗಳನ್ನು ಮಾತ್ರ ತೋರಿಸುತ್ತದೆ. ಎರಡು ಬಿದ್ದಿದ್ದವು: ನೆಟ್‌ವರ್ಕಿಗೆ ಕಾಯೋದು ಒಂದು, ಮರಿಯಾಡಿಬಿ ಒಂದು.

ಇಲ್ಲಿ ಅವಸರ ಮಾಡಲಿಲ್ಲ, ಮೊದಲ ಪೆಟ್ಟು ನೆನಪಿತ್ತು. ಮರಿಯಾಡಿಬಿಯನ್ನು ಮುಟ್ಟದೆ ಮೊದಲು, ನೆಟ್‌ವರ್ಕ್ ಕಾರ್ಡೂ ಅದರ ಅಡ್ರೆಸ್ಸೂ ತೋರಿಸುವ ಐಪಿ ಎ ಹೊಡೆದೆ. ಕಾರ್ಡ್ ಇದೆ. ಅಡ್ರೆಸ್ ಇಲ್ಲ. ಹೆಸರು ಇಎನ್‌ಪಿ3ಎಸ್0. ನೆಟ್‌ವರ್ಕ್ ಸೆಟ್ಟಿಂಗ್ ಇರುವ ನೆಟ್‌ಪ್ಲಾನ್ ಫೈಲ್ ತೆಗೆದರೆ ಅದರಲ್ಲಿ ಬರೆದಿರೋದು ಇಎನ್‌ಪಿ2ಎಸ್0.

ಈ ಹೆಸರಿನ ಗುಟ್ಟು ಹೇಳಲೇಬೇಕು. ಇದು ಸುಮ್ಮನೆ ಇಟ್ಟ ಹೆಸರಲ್ಲ, ವಿಳಾಸ. ಇಎನ್ ಅಂದರೆ ಈಥರ್ನೆಟ್, ಪಿ ಮುಂದಿನ ಅಂಕಿ ಪಿಸಿಐ ಬಸ್, ಅಂದರೆ ಬೋರ್ಡಿನಲ್ಲಿ ಸಾಧನಗಳು ಜೋಡಿಸಿಕೊಳ್ಳುವ ದಾರಿಯ ನಂಬರು, ಎಸ್ ಮುಂದಿನದು ಸ್ಲಾಟ್ ನಂಬರು. ಹಿಂದೆ ಎಲ್ಲ ಕಡೆ ಇಟಿಎಚ್0, ಇಟಿಎಚ್1 ಅಂತ ಇರುತ್ತಿತ್ತು. ಎರಡು ಕಾರ್ಡ್ ಇದ್ದರೆ ಒಮ್ಮೆ ಇದು ಸೊನ್ನೆ, ಒಮ್ಮೆ ಅದು ಸೊನ್ನೆ ಆಗುತ್ತಿತ್ತು. ಆ ಗೋಜಲು ತಪ್ಪಿಸಲು 2013ರಲ್ಲಿ ಸಿಸ್ಟಮ್‌ಡಿಯವರು ಕಾರ್ಡ್ ಕೂತ ಜಾಗ ನೋಡಿ ಹೆಸರಿಡುವ ಪದ್ಧತಿ ತಂದರು. ಒಳ್ಳೇ ಪದ್ಧತಿಯೇ. ಆದರೆ ಬಸ್ ನಂಬರು ಬೋರ್ಡ್ ಮೇಲೆ ಕೆತ್ತಿರುವುದಲ್ಲ, ಆನ್ ಆದಾಗ ಸಿಕ್ಕ ಸಾಧನಗಳನ್ನು ಸಾಲಾಗಿ ಎಣಿಸಿ ಕೊಡುವುದು. ನಾನು ಹಾಕಿದ ಎನ್‌ವಿಎಂಇ ಕೂಡ ಪಿಸಿಐ ಸಾಧನವೇ. ಅದು ಸಾಲಿನಲ್ಲಿ ಮುಂದೆ ಬಂದು ಎರಡನೇ ನಂಬರ್ ತೆಗೆದುಕೊಂಡಿತು, ನೆಟ್‌ವರ್ಕ್ ಕಾರ್ಡ್ ಮೂರಕ್ಕೆ ಸರಿಯಿತು. ಬಸ್ಸಿನಲ್ಲಿ ಕಿಟಕಿ ಸೀಟಿಗೆ ಹೊಸಬರು ಬಂದರೆ ಆಚೆ ಸರಿಯುತ್ತೇವಲ್ಲ, ಹಾಗೆ.

ಅಂದರೆ ಇದೂ ಅಪ್‌ಗ್ರೇಡಿನ ತಪ್ಪಲ್ಲ. 20.04ರಲ್ಲೇ ಆ ಎಸ್‌ಎಸ್‌ಡಿ ಹಾಕಿದ್ದರೂ ಹೀಗೇ ಆಗುತ್ತಿತ್ತು.

ಫೈಲಿನಲ್ಲಿ 2 ಅಳಿಸಿ 3 ಬರೆದರೆ ಮುಗಿಯುತ್ತಿತ್ತು. ಆದರೆ ನಾಳೆ ಇನ್ನೊಂದು ಕಾರ್ಡ್ ಹಾಕಿದರೆ? ಹಾಗಾಗಿ ಹೆಸರು ನಂಬುವುದನ್ನು ಬಿಟ್ಟು, ಮ್ಯಾಚ್ ಅನ್ನೋ ಭಾಗದಲ್ಲಿ ಕಾರ್ಡಿನ ಮೈಮೇಲಿನ ಗುರುತಿನ ಸಂಖ್ಯೆ, ಮ್ಯಾಕ್ ಅಡ್ರೆಸ್ ಕೊಟ್ಟೆ. ಅದರ ಕೆಳಗೆ ಸೆಟ್ ನೇಮ್ ಹಾಕಿ ಲ್ಯಾನ್0 ಅಂತ ನನ್ನದೇ ಹೆಸರಿಟ್ಟೆ. ಇನ್ನು ಆ ಕಾರ್ಡ್ ಯಾವ ನಂಬರಿಗೆ ಸರಿದರೂ ಲ್ಯಾನ್0 ಆಗಿಯೇ ಬರುತ್ತದೆ. ಅದೇ ಫೈಲಿನಲ್ಲಿ ಹೊರಗೆ ಹೋಗುವ ದಾರಿಯನ್ನು ಗೇಟ್‌ವೇ4 ಅಂತ ಹಳೇ ಶೈಲಿಯಲ್ಲಿ ಬರೆದಿದ್ದೆ. 22.04ರಲ್ಲಿ ಅದು ಇನ್ನೂ ನಡೆಯುತ್ತದೆ, ಆದರೆ ಹಳೇದಾಯಿತು ಅಂತ ಗೊಣಗುತ್ತದೆ. ಅದನ್ನೂ ರೂಟ್ಸ್ ಕೆಳಗೆ ಡಿಫಾಲ್ಟ್ ದಾರಿಯಾಗಿ ಬರೆದೆ. ನೆಟ್‌ಪ್ಲಾನ್ ಫೈಲಿನಲ್ಲಿ ಸಾಲು ಒಳಕ್ಕೆ ತಳ್ಳಲು ಸ್ಪೇಸ್ ಮಾತ್ರ, ಟ್ಯಾಬ್ ಒತ್ತಿದರೆ ಫೈಲನ್ನೇ ಒಪ್ಪುವುದಿಲ್ಲ. ನಿದ್ದೆಗಣ್ಣಿನಲ್ಲಿ ಒಂದು ಕಡೆ ಒತ್ತಿದ್ದೆ, ಅದಕ್ಕೆ ಹತ್ತು ನಿಮಿಷ.

ದೂರದಿಂದ ಇಂಥ ತಿದ್ದುಪಡಿ ಮಾಡುವವರು ನೆಟ್‌ಪ್ಲಾನ್ ಟ್ರೈ ಅನ್ನೋ ಕಮಾಂಡ್ ಬಳಸಿ. 120 ಸೆಕೆಂಡ್ ಒಳಗೆ ನೀವು ಎಂಟರ್ ಒತ್ತದಿದ್ದರೆ ಹಳೇ ಸೆಟ್ಟಿಂಗಿಗೆ ತಾನೇ ಮರಳುತ್ತದೆ. ನಾನು ಸರ್ವರ್ ಮುಂದೆಯೇ ಇದ್ದೆ, ಕಾರ್ಡಿನ ಹೆಸರೂ ಬದಲಾಗಬೇಕಿತ್ತು, ಹಾಗಾಗಿ ರೀಸ್ಟಾರ್ಟ್ ಮಾಡಿದೆ. ಎರಡು ನಿಮಿಷದ ಕಾಯುವಿಕೆ ಮಾಯ. 192.168.1.10 ಬಂತು. ಮರಿಯಾಡಿಬಿ ನಾನು ಮುಟ್ಟದೆಯೇ ಎದ್ದಿತ್ತು. ನಾಲ್ಕೂ ಕೌಂಟರಿನಿಂದ ಒಂದೊಂದು ಪಟ್ಟಿ ತೆಗೆದು ನೋಡಿ, ಸರ್ವರ್ ಆಫ್ ಮಾಡಿ ಮನೆಗೆ ಹೋದಾಗ ಎರಡು ಗಂಟೆ.

ಬೆಳಗ್ಗೆ ಆರೂಕಾಲಿಗೆ ಫೋನ್. ಮಂಡಿಯ ಗುಮಾಸ್ತ ಹುಡುಗ.

'ಅಣ್ಣಾ, ಒಂದು ಕೌಂಟರೂ ಓಪನ್ ಆಗ್ತಿಲ್ಲ. ಯಜಮಾನರು ಬರೋ ಹೊತ್ತಾಯ್ತು.'

'ಕರಿ ಸ್ಕ್ರೀನಲ್ಲಿ ನಾನು ಹೇಳಿದ್ದು ಹೊಡಿ. ಐಪಿ, ಸ್ಪೇಸ್, ಎ. ಲ್ಯಾನ್ ಸೊನ್ನೆ ಪಕ್ಕ 192 ಅಂತ ಇದೆಯಾ?'

'ಇದೆ ಅಣ್ಣಾ. ಕೊನೆಗೆ ಹತ್ತು.'

ನೆಟ್‌ವರ್ಕ್ ಇದೆ. ಹಾಗಾದರೆ ಡೇಟಾಬೇಸ್. ಸಿಸ್ಟಮ್‌ಸಿಟಿಎಲ್ ಅನ್ನು ಒಂದೊಂದೇ ಅಕ್ಷರ ಬಿಡಿಸಿ ಹೇಳಿ, ಮರಿಯಾಡಿಬಿಯ ಸ್ಟೇಟಸ್ ತೆಗೆಸಿದೆ. ಕೆಂಪಗಿದೆ ಅಣ್ಣಾ ಅಂದ. ಸ್ಟಾರ್ಟ್ ಹೊಡೆಸಿದೆ, ಎದ್ದಿತು. ಅವನು ಥ್ಯಾಂಕ್ಸ್ ಅಂತ ಫೋನ್ ಇಟ್ಟ. ನನ್ನ ನಿದ್ದೆ ಹಾರಿಹೋಯಿತು. ಕೈಯಲ್ಲಿ ಸ್ಟಾರ್ಟ್ ಮಾಡಿದರೆ ಏಳೋದು, ತಾನಾಗಿ ಯಾಕೆ ಏಳಲಿಲ್ಲ?

ಮಂಡಿಗೆ ಹೋಗಿ, ಸಿಸ್ಟಮ್ಮಿನ ದಿನಚರಿ ತೋರಿಸುವ ಜರ್ನಲ್‌ಸಿಟಿಎಲ್‌ನಲ್ಲಿ ಮರಿಯಾಡಿಬಿಯ ಆ ಬೆಳಗಿನ ಸಾಲುಗಳನ್ನು ಓದಿದೆ. ಕೇಳಿದ ಅಡ್ರೆಸ್ ಈ ಯಂತ್ರದಲ್ಲಿಲ್ಲ, ಅದಕ್ಕೆ ಕೂರಲಾಗಲ್ಲ ಅಂತ ಬರೆದು ನಿಂತಿತ್ತು. ಸೆಟ್ಟಿಂಗಿನಲ್ಲಿ ಬೈಂಡ್ ಅಡ್ರೆಸ್, ಅಂದರೆ ಡೇಟಾಬೇಸ್ ಯಾವ ಅಡ್ರೆಸ್ಸಿನಲ್ಲಿ ಕೂರಬೇಕು ಅನ್ನೋದು, 192.168.1.10 ಅಂತ ನಾನೇ ಕೊಟ್ಟಿದ್ದೆ. ಮರಿಯಾಡಿಬಿ ಕಾಯುವುದು 'ನೆಟ್‌ವರ್ಕ್ ಟಾರ್ಗೆಟ್' ಅನ್ನೋ ಹಂತಕ್ಕೆ. ಕೇಳಲು ನೆಟ್‌ವರ್ಕ್ ಸಿದ್ಧ ಅನ್ನಿಸುತ್ತದೆ, ಅಲ್ವಾ? ಅಲ್ಲ. ನೆಟ್‌ವರ್ಕ್ ನೋಡಿಕೊಳ್ಳುವ ಸರ್ವಿಸ್ ಶುರುವಾಗಿದೆ ಅಂತಷ್ಟೇ ಅದರರ್ಥ. ಅಡ್ರೆಸ್ ಬಂದಿರಬೇಕು ಅಂತೇನಿಲ್ಲ. ಅದಕ್ಕೆ ಕಾಯುವುದು 'ನೆಟ್‌ವರ್ಕ್ ಆನ್‌ಲೈನ್' ಅನ್ನೋ ಬೇರೆ ಟಾರ್ಗೆಟ್.

ಅಡ್ರೆಸ್ ಯಾಕೆ ತಡ ಆಯಿತು ಅನ್ನೋದು ಹುಡುಗನನ್ನು ಕೇಳಿದ ಮೇಲೆ ಗೊತ್ತಾಯಿತು.

'ಬೆಳಗ್ಗೆ ಮೊದಲು ಏನು ಆನ್ ಮಾಡ್ತೀಯ?'

'ಸರ್ವರ್ ಅಣ್ಣಾ. ಆಮೇಲೆ ಕಸ ಹೊಡೆದು, ದೇವರಿಗೆ ಊದುಬತ್ತಿ ಹಚ್ಚಿ, ಆಮೇಲೆ ಆ ಲೈಟ್ ಮಿಣುಕೋ ಡಬ್ಬ.'

ಲೈಟ್ ಮಿಣುಕೋ ಡಬ್ಬ ಅಂದರೆ ನೆಟ್‌ವರ್ಕ್ ಸ್ವಿಚ್. ಸರ್ವರ್ ಯುಪಿಎಸ್ ಮೇಲಿದೆ, ಸ್ವಿಚ್ ಗೋಡೆಯ ಪ್ಲಗ್ಗಿನಲ್ಲಿದೆ. ಸ್ವಿಚ್ ಆಫ್ ಇದ್ದರೆ ಕೇಬಲ್ಲಿನ ಆಚೆ ತುದಿ ಸತ್ತ ಹಾಗೆ. ಅಡ್ರೆಸ್ ಫೈಲಿನಲ್ಲಿ ಬರೆದಿದ್ದರೂ, ಲಿಂಕ್ ಬರುವ ತನಕ, ನೆಟ್‌ವರ್ಕ್ ನೋಡಿಕೊಳ್ಳುವ ಸರ್ವಿಸ್ ಆದ ನೆಟ್‌ವರ್ಕ್‌ಡಿ ಅದನ್ನು ಕಾರ್ಡಿಗೆ ಹಾಕುವುದಿಲ್ಲ. ಅಷ್ಟರಲ್ಲಿ ಮರಿಯಾಡಿಬಿ ಬಂದು, ನೋಡಿ, ಬಿದ್ದು ಆಗಿರುತ್ತದೆ. ಹೀಗೆ ಬಿದ್ದರೆ ತಾನಾಗಿ ಮತ್ತೆ ಏಳುವ ಅಭ್ಯಾಸ ಅದಕ್ಕಿಲ್ಲ. ಐದು ವರ್ಷ ಇದು ಯಾಕೆ ಆಗಲಿಲ್ಲ ಅಂದರೆ, ಹಳೇ ಹಾರ್ಡ್ ಡಿಸ್ಕ್ ಆಮೆಯ ಹಾಗೆ ಬೂಟ್ ಆಗುತ್ತಿತ್ತು. ಕಸ ಹೊಡೆದು ಊದುಬತ್ತಿ ಹಚ್ಚಿ ಸ್ವಿಚ್ ಹಾಕುವಷ್ಟು ಪುರುಸೊತ್ತು ಸಿಗುತ್ತಿತ್ತು. ಎಸ್‌ಎಸ್‌ಡಿ ಬಂದು ಆ ಪುರುಸೊತ್ತು ಕಿತ್ತುಕೊಂಡಿತು.

ಮರಿಯಾಡಿಬಿಯನ್ನು ನೆಟ್‌ವರ್ಕ್ ಆನ್‌ಲೈನಿಗೆ ಕಾಯಿಸಬಹುದಿತ್ತು. ಆದರೆ ಆ ಕಾಯುವಿಕೆಗೂ ಎರಡು ನಿಮಿಷದ ಮಿತಿ ಇದೆ, ಹುಡುಗನ ಪೂಜೆ ಒಂದೊಂದು ದಿನ ಅದಕ್ಕಿಂತ ಜಾಸ್ತಿ. ಹಾಗಾಗಿ ಬೈಂಡ್ ಅಡ್ರೆಸ್ ಜಾಗದಲ್ಲಿ ನಾಲ್ಕು ಸೊನ್ನೆ, 0.0.0.0 ಅಂತ ಹಾಕಿದೆ. ಯಾವ ಅಡ್ರೆಸ್ ಇರಲಿ ಬಿಡಲಿ, ಡೇಟಾಬೇಸ್ ಎದ್ದು ಕೂರುತ್ತದೆ. ಹಾಗೆ ಬಾಗಿಲು ಪೂರ್ತಿ ತೆರೆದ ಹಾಗಾಗುತ್ತದಲ್ಲ, ಅದಕ್ಕೆ ಯುಎಫ್‌ಡಬ್ಲ್ಯು ಅನ್ನೋ ಫೈರ್‌ವಾಲಿನಲ್ಲಿ, ಡೇಟಾಬೇಸಿನ 3306 ಪೋರ್ಟಿಗೆ ಮಂಡಿಯ ಒಳಗಿನ 192.168.1 ಸಾಲಿನವರಿಗೆ ಮಾತ್ರ ದಾರಿ ಬಿಟ್ಟೆ. ಸ್ವಿಚ್ಚಿನ ಪ್ಲಗ್ಗನ್ನು ಯುಪಿಎಸ್‌ಗೆ ಬದಲಾಯಿಸಿದೆ. ಬೇಕಂತಲೇ ಸ್ವಿಚ್ ಆಫ್ ಮಾಡಿ ಸರ್ವರ್ ಆನ್ ಮಾಡಿ, ಐದು ನಿಮಿಷ ಬಿಟ್ಟು ಸ್ವಿಚ್ ಹಾಕಿ ನೋಡಿದೆ. ಪಟ್ಟಿ ಬಂತು.

24.04ಕ್ಕೆ ಹೋಗೋದು ಸೀಸನ್ ಮುಗಿದ ಮೇಲೆ. ಆ ದಿನ ಸ್ಕ್ರೂಡ್ರೈವರ್ ಮನೆಯಲ್ಲೇ ಬಿಟ್ಟು ಹೋಗುತ್ತೇನೆ.

ಹುಡುಗ ಮಾತ್ರ ಫೋನ್ ಬಂದ ದಿನವೇ ಒಂದು ಬಾಕ್ಸಿನ ರಟ್ಟು ಹರಿದು, 'ಮೊದಲು ಡಬ್ಬ, ಆಮೇಲೆ ಸರ್ವರ್' ಅಂತ ಸ್ಕೆಚ್ ಪೆನ್ನಿನಲ್ಲಿ ಬರೆದು ಸರ್ವರಿಗೆ ಅಂಟಿಸಿದ್ದಾನೆ. ಈಗ ಅದು ಬೇಕಾಗಿಲ್ಲ ಅಂತ ಎರಡು ಸಲ ಹೇಳಿದೆ. 'ಇರಲಿ ಬಿಡಣ್ಣಾ' ಅಂದ.